ಆರೋಗ್ಯವೋ, ಶಾಲೆಯೋ, ಕೌಶಲ ತರಬೇತಿಯೋ?

ಬೆಳೆಯಬೇಕಾದ ಬಡ ದೇಶ ಮೊದಲು ಯಾವುದಕ್ಕೆ ಹಣ ಹಾಕಬೇಕು ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಮಕ್ಕಳ ಆರೋಗ್ಯವೇ ಅಗ್ಗ. ಕೀನ್ಯಾದ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟಾಗ ಗೈರುಹಾಜರಿ ಸುಮಾರು ಕಾಲುಭಾಗ ಇಳಿಯಿತು. ಹೊಟ್ಟೆ ಹಿಡಿದು ಮುದುಡಿ ಕುಳಿತ ಮಗುವಿನ ತಲೆಗೆ ಮಗ್ಗಿ ಹತ್ತುವುದಾದರೂ ಹೇಗೆ?

ಶಾಲೆ ದುಬಾರಿ, ಫಲವೂ ನಿಧಾನ. ಆದರೆ ಬಾಳಿಕೆ ಬರುತ್ತದೆ. ಇಂಡೋನೇಷ್ಯಾ 1973ರಿಂದ 1978ರೊಳಗೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಅದರ ಲಾಭ ಪಡೆದ ಮಕ್ಕಳ ಸಂಬಳ ಮುಂದೆ ಏರಿತು. ಕಟ್ಟಡವಷ್ಟೇ ಎದ್ದು ಕಲಿಕೆ ಮಲಗಿದರೆ ಮಾತ್ರ ಹಣ ನೀರುಪಾಲು.

ತರಬೇತಿಯ ಫಲ ಬೇಗ ಸಿಗುತ್ತದೆ, ಕೆಲಸ ಕೊಡುವವರಿದ್ದರೆ. ಯಂತ್ರ ಬದಲಾದರೆ ಕಲಿತದ್ದೂ ಹಳತು.

ಅಪೌಷ್ಟಿಕತೆ ಕಾಡುವಲ್ಲಿ ಆರೋಗ್ಯ, ಓದಲು ಬಾರದವರೇ ಹೆಚ್ಚಿರುವಲ್ಲಿ ಶಾಲೆ, ಕಾರ್ಖಾನೆಗಳು ನುರಿತ ಕೈಗಳಿಗಾಗಿ ಹುಡುಕಾಡುವಲ್ಲಿ ತರಬೇತಿ.