ನಲವತ್ತೊಂದು ನಿಮಿಷದ ರಾಗಕ್ಕೆ ಯಾವ ಅಂಗಡಿ?

ಶುದ್ಧ ಕಲ್ಯಾಣ, 41 ನಿಮಿಷ. ನನ್ನ ಸಂಗೀತದ ಲೇಬಲ್ಲಿನ ಮೊದಲ ಧ್ವನಿಮುದ್ರಣ ಇದು. ನನ್ನ ಲೆಕ್ಕಾಚಾರವನ್ನೆಲ್ಲ ಮೊದಲು ತಲೆಕೆಳಗು ಮಾಡಿದ್ದೂ ಇದೇ.

ಲೇಬಲ್ ಎಂದೊಡನೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಪುಣೆಯ ಕೊಥ್ರೂಡಿನ ನಮ್ಮ ಮನೆಯ ಒಂದು ಕಪಾಟು, ಒಂದು ಲ್ಯಾಪ್‌ಟಾಪ್, ಎರಡು ಒಳ್ಳೆಯ ಮೈಕು. ಧಾರವಾಡದಿಂದ ನೌಕರಿಗೆಂದು ಬಂದವನು ನಾನು. ಈ ಊರಿಗೂ ನಮ್ಮ ಕಡೆಗೂ ಇರುವ ಸಂಗೀತದ ನಂಟು ಹಳೆಯದು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದುಗಿನ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವ ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ಇಲ್ಲಿ ನಡೆಯುತ್ತದೆ. ಆ ದೊಡ್ಡ ವೇದಿಕೆಗೆ ಹತ್ತದ, ಆದರೆ ಮನೆಯ ಬೈಠಕ್ಕಿನಲ್ಲಿ ಕಣ್ಣು ತುಂಬಿಸುವ ಗಾಯಕರು ಸದಾಶಿವ ಪೇಟೆಯಿಂದ ಸಿಂಹಗಡ ರಸ್ತೆಯವರೆಗೆ ಎಷ್ಟೋ ಜನ ಇದ್ದಾರೆ. ಅವರನ್ನು ಮುದ್ರಿಸುವುದೇ ನನ್ನ ಕೆಲಸ. ಐದು ವರ್ಷದಲ್ಲಿ ಏಳು ಆಲ್ಬಮ್ ಆದವು, ಮಾರುವ ದಾರಿಗಳನ್ನು ಒಂದೊಂದಾಗಿ ಹಿಡಿದೂ ನೋಡಿದೆ.

ಮೊದಲು ಎಲ್ಲರೂ ಹೋಗುವ ದಾರಿ, ಸ್ಟ್ರೀಮಿಂಗ್. ಸ್ಪಾಟಿಫೈ, ಜಿಯೋಸಾವನ್‌ಗಳಿಗೆ ನಮ್ಮಂಥ ಸಣ್ಣವರು ನೇರವಾಗಿ ಹಾಡು ಕೊಡುವಂತಿಲ್ಲ, ನಡುವೆ ವಿತರಕರು ಬೇಕು. ಅವರಲ್ಲಿ ಎರಡು ಪಂಗಡ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ಗಳ ಹಾಗೆ ವರ್ಷಕ್ಕೊಮ್ಮೆ ಹಣ ಕಟ್ಟಿಸಿಕೊಳ್ಳುವುದು ಒಂದು. ಸಿಡಿ ಬೇಬಿಯ ಹಾಗೆ ಆರಂಭದಲ್ಲೊಮ್ಮೆ ಹಣ ಪಡೆದು, ಮುಂದೆ ಬರುವ ಆದಾಯದಲ್ಲಿ ಶೇ 9ರಷ್ಟು ಇಟ್ಟುಕೊಳ್ಳುವುದು ಇನ್ನೊಂದು. ತಿಂಗಳಿಗೊಂದು ಹಾಡು ಬಿಡುವ ಹುಡುಗರಿಗೆ ವಾರ್ಷಿಕ ಶುಲ್ಕ ಅಗ್ಗ. ವರ್ಷಕ್ಕೆ ಒಂದೋ ಎರಡೋ ಆಲ್ಬಮ್ ತರುವ ನನಗೆ ಅದು ಖಾಲಿ ಮನೆಗೆ ಕಟ್ಟುವ ಬಾಡಿಗೆ. ಅದು ತಿಳಿಯುವ ಮೊದಲೇ ವಾರ್ಷಿಕ ಶುಲ್ಕದವರ ಬಳಿ ಸೇರಿದ್ದೆ. ಎರಡನೆಯ ವರ್ಷ ನನ್ನ ಕಾರ್ಡಿನ ಅವಧಿ ಮುಗಿದಿತ್ತು, ಶುಲ್ಕ ನೆನಪಿಸುವ ಮಿಂಚಂಚೆಗಳು ಯಾವುದೋ ಮೂಲೆಯಲ್ಲಿ ಬಿದ್ದಿದ್ದವು. ಒಂದು ಬೆಳಿಗ್ಗೆ ಶುದ್ಧ ಕಲ್ಯಾಣ ಹಾಡಿದ ಗಾಯಕರ ಫೋನು: "ನನ್ನ ಹಾಡು ಎಲ್ಲಿ ಹೋಯಿತಪ್ಪಾ? ಮೊಮ್ಮಗಳು ಹುಡುಕುತ್ತಿದ್ದಾಳೆ." ಹಾಡುಗಳು ಅಂಗಡಿಗಳಿಂದಲೇ ಇಳಿದಿದ್ದವು.

ಆಗ ಕಾಪಾಡಿದ್ದು ಐಎಸ್‌ಆರ್‌ಸಿ. ಪ್ರತಿ ಮುದ್ರಣಕ್ಕೂ ಸಿಗುವ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಅದು. ನಮ್ಮ ದೇಶದಲ್ಲಿ ಅದನ್ನು ನೋಡಿಕೊಳ್ಳುವುದು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಸಂಸ್ಥೆ. ಶೇಕಡಾವಾರು ಪಂಗಡದ ವಿತರಕರ ಬಳಿ ಹೋಗಿ ಹಳೆಯ ಸಂಖ್ಯೆಯನ್ನೇ ಕೊಟ್ಟು ಹಾಡು ಏರಿಸಿದೆ. ಕೆಲವು ದಿನಗಳಲ್ಲಿ ಹಳೆಯ ಕೇಳುಗರ ಎಣಿಕೆ ಮರಳಿ ಬಂತು. ಹೊಸ ಲೇಬಲ್ ಮಾಡುವವರು ಬೇರೇನು ಮರೆತರೂ ಈ ಸಂಖ್ಯೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಆದರೆ ಯಾವ ವಿತರಕರನ್ನು ಹಿಡಿದರೂ ಬಿಡಿಸಲಾಗದ ಗಂಟೊಂದಿದೆ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ, ಹಣ ಬರುವುದು ಆ ಎಣಿಕೆಯ ಮೇಲೆ. ಎರಡು ನಿಮಿಷದ ಸಿನಿಮಾ ಹಾಡಿಗೂ ಒಂದೇ, 41 ನಿಮಿಷದ ಶುದ್ಧ ಕಲ್ಯಾಣಕ್ಕೂ ಒಂದೇ. ಒಬ್ಬರು ಕಣ್ಣು ಮುಚ್ಚಿ ಇಡೀ ರಾಗ ಕೇಳಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಇಪ್ಪತ್ತು ಎಣಿಕೆ ಗಳಿಸಿಕೊಟ್ಟಿರುತ್ತಾನೆ. ಯಂತ್ರಕ್ಕೆ ತಕ್ಕಂತೆ ರಾಗ ಮೈ ಕುಗ್ಗಿಸುವುದು ನಮ್ಮಲ್ಲಿ ಹೊಸದಲ್ಲ ಎಂಬುದೂ ನಿಜ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಣ ಯಂತ್ರದ ತುತ್ತೂರಿಯ ಮುಂದೆ ನಿಂತು ಮೂರು ನಿಮಿಷದೊಳಗೆ ಹಾಡಿ ಮುಗಿಸಿದರು. ಮುಂದೆ ಎಲ್‌ಪಿ ಬಂದು ಒಂದು ಬದಿಗೆ ಇಪ್ಪತ್ತು ನಿಮಿಷದಷ್ಟು ಜಾಗ ಕೊಟ್ಟಿತು. ಆದರೆ ಆಗೆಲ್ಲ ತಟ್ಟೆಯಲ್ಲಿ ಜಾಗವೇ ಸಾಲುತ್ತಿರಲಿಲ್ಲ. ಈಗ ಜಾಗ ಬೇಕಾದಷ್ಟಿದೆ, ಉದ್ದಕ್ಕೆ ಬೆಲೆಯಿಲ್ಲ.

ಪರಿಚಿತರೊಬ್ಬರು ಉಪಾಯ ಹೇಳಿದರು: ನಿಧಾನಗತಿಯ ವಿಲಂಬಿತ್ ಬೇರೆ, ವೇಗದ ದ್ರುತ್ ಬೇರೆ ಮಾಡಿ ಎರಡು ತುಂಡಾಗಿಸಿ, ಎಣಿಕೆ ಎರಡಾಗುತ್ತದೆ. ಗಾಯಕರಿಗೆ ಮನಸ್ಸಿರಲಿಲ್ಲ. ನಾನೇ ಒತ್ತಾಯಿಸಿ 30 ನಿಮಿಷ, 11 ನಿಮಿಷ ಎಂದು ಕತ್ತರಿಸಿದೆ. ಕೆಲವು ಫೋನುಗಳಲ್ಲಿ ಎರಡರ ನಡುವೆ ತಂಬೂರಿ ಅರೆಕ್ಷಣ ಉಸಿರು ಕಟ್ಟುತ್ತಿತ್ತು. ಅದನ್ನೂ ಸಹಿಸಿದೆವು. ವರ್ಷದ ಕೊನೆಯಲ್ಲಿ ನೋಡಿದರೆ ದ್ರುತ್ 1,640 ಸಲ, ವಿಲಂಬಿತ್ 712 ಸಲ ಕೇಳಿಸಿಕೊಂಡಿತ್ತು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಎಣಿಕೆ ದಾಟದ ಹಾಡಿಗೆ ಹಣವಿಲ್ಲ. ಗಾಯಕರಿಗೆ ಲೆಕ್ಕ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅರ್ಧ ಗಂಟೆ ಬೆವರು ಹರಿಸಿದ್ದು ಬಿಟ್ಟಿ, ಹನ್ನೊಂದು ನಿಮಿಷಕ್ಕೆ ಮಾತ್ರ ಪಗಾರ. ಹೌದಲ್ಲವೇ?" ಎಂದರು. ಆ ಪಗಾರದಲ್ಲಿ ತಬಲಾದವರನ್ನೂ ಸೇರಿಸಿಕೊಂಡು ಒಂದು ಥಾಳಿ ಊಟ ಮಾಡುವುದೂ ಕಷ್ಟವಿತ್ತು.

ಯೂಟ್ಯೂಬಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಮುದ್ರಣದಲ್ಲಿ ಆ್ಯಪ್‌ನ ತಂಬೂರಿ ಬಳಸಿದ್ದೆವು. ಅದೇ ನಾದವನ್ನು ಹಿನ್ನೆಲೆಗೆ ಹಾಕಿದ್ದ ಇನ್ನಾರೋ ನಮ್ಮ ಹಾಡನ್ನು ತಮ್ಮದೆಂದರು. ಅಲ್ಲಿನ ಯಂತ್ರವೂ ಒಪ್ಪಿಕೊಂಡುಬಿಟ್ಟಿತು. ಆಕ್ಷೇಪ ಸಲ್ಲಿಸಿ ಮೂವತ್ತು ದಿನ ಕಾದ ಮೇಲೆ ಬಿಡುಗಡೆಯಾಯಿತು. ಅಂದಿನಿಂದ ಮಿರಜ್‌ನಿಂದ ತಂದ ನಿಜವಾದ ತಂಬೂರಿಯನ್ನೇ ಮೀಟುತ್ತೇವೆ. ನಷ್ಟದಿಂದ ಆದ ಒಂದೇ ಲಾಭ ಇದು, ನಾದವೂ ಎಷ್ಟೋ ಪಾಲು ಚೆನ್ನಾಗಿದೆ.

ಎರಡನೆಯ ದಾರಿ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ. ಇಲ್ಲಿ ಕೇಳುಗರು ಆಲ್ಬಮ್ಮನ್ನೇ ಕೊಳ್ಳುತ್ತಾರೆ, ಬೆಲೆ ನಾನು ಇಟ್ಟದ್ದು. ಡಿಜಿಟಲ್ ಮಾರಾಟದಲ್ಲಿ ಶೇ 15 ಅವರ ಪಾಲು, ಅದರ ಮೇಲೆ ಹಣ ಸಾಗಿಸುವ ಖರ್ಚು. 2020ರ ಮಾರ್ಚ್‌ನಲ್ಲಿ ಆರಂಭವಾದ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ ಎಂಬ ಕೆಲವು ಆಯ್ದ ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತಾರೆ. ಕತ್ತರಿಸದ ಶುದ್ಧ ಕಲ್ಯಾಣವನ್ನು ಏಳು ಡಾಲರಿಗೆ ಇಟ್ಟೆ, ಜೊತೆಗೆ ಬಂದಿಶ್‌ಗಳ, ಅಂದರೆ ರಾಗದಲ್ಲಿ ಹಾಡುವ ರಚನೆಗಳ, ಸಾಹಿತ್ಯ ಮತ್ತು ಅರ್ಥದ ಪುಟ್ಟ ಪುಸ್ತಿಕೆ. ಒಂದು ವರ್ಷದಲ್ಲಿ ಹೋದದ್ದು 38 ಪ್ರತಿ. ಕೇಳಲು ಎಷ್ಟು ಸಣ್ಣ ಸಂಖ್ಯೆ! ಆದರೆ ಸ್ಟ್ರೀಮಿಂಗ್ ತಂದದ್ದಕ್ಕೆ ಹೋಲಿಸುವುದೇ ಬೇಡ, ಅಷ್ಟು ಅಂತರ. ಕೆಲವರು ಇಟ್ಟ ಬೆಲೆಗಿಂತ ಹೆಚ್ಚೇ ಕೊಟ್ಟರು. ಜರ್ಮನಿಯ ಒಬ್ಬರಂತೂ ಇಪ್ಪತ್ತು ಡಾಲರ್ ಹಾಕಿ, ಇಪ್ಪತ್ತಮೂರನೆಯ ನಿಮಿಷದ ಒಂದು ನಿಷಾದ ಸ್ವರದ ಬಗ್ಗೆ ಅರ್ಧ ಪುಟ ಬರೆದಿದ್ದರು. ಅದನ್ನು ಓದಿ ಹೇಳಿದಾಗ ಗಾಯಕರು ಆ ದಿನ ಎರಡನೆಯ ಸಲ ಚಹಾ ತರಿಸಿದರು.

ಬ್ಯಾಂಡ್‌ಕ್ಯಾಂಪಿನ ತೊಡಕು ನಮ್ಮೂರಿನ ಕೇಳುಗರದ್ದು. ನಮ್ಮ ಹೆಚ್ಚಿನ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿರುತ್ತದೆ, ನಾನು ಮಾರಾಟಕ್ಕಿಟ್ಟಾಗ ಅಲ್ಲಿ ಯುಪಿಐ ಇರಲಿಲ್ಲ. ಕರ್ವೆ ರಸ್ತೆಯ ಹಿರಿಯರೊಬ್ಬರು ಮೂರು ಸಲ ಪ್ರಯತ್ನಿಸಿ, ಕೊನೆಗೆ ನಮ್ಮ ಮನೆಗೇ ಬಂದು ಐನೂರರ ನೋಟು ಮೇಜಿನ ಮೇಲಿಟ್ಟು, "ಹಾಡು ಕೊಡಿ" ಎಂದರು. ಹೇಗೆ ಕೊಡಲಿ?

ಹಾಗೆ ಹುಟ್ಟಿದ್ದು ಮೂರನೆಯ ದಾರಿ. ಮೊದಲು ಸಿಡಿ ಮಾಡಿಸಿದೆ, ಮುನ್ನೂರು. ತಪ್ಪು ಮಾಡಿದೆ. ಮುಂಬೈಯ ಕಾಲಾ ಘೋಡಾದ ಹೆಸರಾಂತ ಸಂಗೀತದ ಅಂಗಡಿ ರಿದಮ್ ಹೌಸ್ 2016ರಲ್ಲೇ ಬಾಗಿಲು ಹಾಕಿತ್ತು, ಅದರಿಂದಲಾದರೂ ನಾನು ಬುದ್ಧಿ ಕಲಿಯಬೇಕಿತ್ತು. ಬೈಠಕ್ಕಿಗೆ ಬಂದವರು ಸಿಡಿಯನ್ನು ಪ್ರೀತಿಯಿಂದ ತಿರುಗಿಸಿ ನೋಡಿ, "ಹಾಕಲು ಯಂತ್ರವಿಲ್ಲವಲ್ಲ" ಎಂದು ಕೆಳಗಿಡುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಸಿಡಿ ಈಗಲೂ ಕಪಾಟಿನಲ್ಲಿವೆ. ಆಮೇಲೆ ಪೆನ್‌ಡ್ರೈವ್. ಮುದ್ರಿಸಿದ ಪುಟ್ಟ ಡಬ್ಬಿ ಸೇರಿ ತಲಾ 210 ರೂಪಾಯಿ ಬಿತ್ತು, 400ಕ್ಕೆ ಮಾರಿದೆ. ಕನ್ನಡಿಗರ ಕಾರ್ಯಕ್ರಮಗಳಲ್ಲಿ, ಮನೆ ಬೈಠಕ್ಕುಗಳಲ್ಲಿ ಮೇಜು ಹಾಕಿ, ಪಕ್ಕದಲ್ಲಿ ಯುಪಿಐ ಚೀಟಿ ಅಂಟಿಸಿ ಕುಳಿತೆ. ಒಂದೇ ಚಳಿಗಾಲದಲ್ಲಿ 120 ಹೋದವು. ಹೆಚ್ಚಿನವರು ಕೇಳಿದ ಮೊದಲ ಪ್ರಶ್ನೆ ರಾಗದ್ದಲ್ಲ: "ಕಾರಿನಲ್ಲಿ ಓಡುತ್ತದೆಯೇ?" ಕಾರಿಗಾಗಿ ಎಂಪಿ3, ಮನೆಗಾಗಿ ಡಬ್ಲ್ಯೂಎವಿ, ಎರಡನ್ನೂ ಹಾಕಿದ್ದೆ. ಪುಣೆಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಖಂಬಾಟಕಿ ಘಾಟ್ ದಾಟಿ ಸಾತಾರಾ ತಲುಪುವಷ್ಟರಲ್ಲಿ ಶುದ್ಧ ಕಲ್ಯಾಣ ಮುಗಿಯುತ್ತದೆ ಎಂದು ಒಬ್ಬ ಗಿರಾಕಿ ಲೆಕ್ಕ ಕೊಟ್ಟರು.

ಪೆನ್‌ಡ್ರೈವಿಗೆ ನಕಲಿನ ಭಯವಿಲ್ಲವೇ ಎಂದು ಕೇಳುತ್ತಾರೆ. ಇದೆ. ಗಿರಾಕಿಗಳಿಂದ ನಕಲು ಮಾಡಿಕೊಂಡ ಅವರ ಅಳಿಯಂದಿರು ಮುಂದಿನ ಬೈಠಕ್ಕಿಗೆ ಬಂದು ನೆಲದ ಮೇಲೆ ಕುಳಿತದ್ದನ್ನೂ ನೋಡಿದ್ದೇನೆ, ಆದ್ದರಿಂದ ತಕರಾರಿಲ್ಲ.

ದಾರಿ ಯಾವುದೇ ಇರಲಿ, ಸಾಹಿತ್ಯದ ಹಕ್ಕಿನ ಮಾತು ಬದಲಾಗುವುದಿಲ್ಲ. ಶತಮಾನಗಳಷ್ಟು ಹಳೆಯ ದಾಸರ ಪದಗಳನ್ನು ಯಾರನ್ನೂ ಕೇಳದೆ ಮುದ್ರಿಸಿದೆ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರ ಕವಿತೆಗಳನ್ನು ಹಾಡಿಸುವ ಆಸೆಯಿತ್ತು. ಅವರು ತೀರಿಕೊಂಡದ್ದು 1981ರಲ್ಲಿ, ನಮ್ಮ ಕಾನೂನಿನಂತೆ ಹಕ್ಕು ಆಮೇಲೆ ಅರವತ್ತು ವರ್ಷ, ಅಂದರೆ 2041 ಮುಗಿಯುವವರೆಗೆ. ಅನುಮತಿಗೆ ಪತ್ರ ಬರೆಯುವುದು ಈ ವರ್ಷದ ಕೆಲಸಗಳಲ್ಲೊಂದು.

ಈಗ ನನ್ನ ಕ್ರಮ ಹೀಗಿದೆ. ಏಳೆಂಟು ನಿಮಿಷದ ದಾಸರ ಪದ, ವಚನಗಳು ಸ್ಟ್ರೀಮಿಂಗಿಗೆ, ಅದೂ ಶೇಕಡಾವಾರು ವಿತರಕರ ಮೂಲಕ. ಖಯಾಲಿನಿಂದ ಅಲ್ಲಿಗೆ ದ್ರುತ್ ಮಾತ್ರ, ಅಂಗಡಿಯ ಮುಂದೆ ತೂಗುಹಾಕಿದ ಮಾದರಿಯಂತೆ. ಇಡೀ ರಾಗ ಬೇಕಾದವರಿಗೆ ಬ್ಯಾಂಡ್‌ಕ್ಯಾಂಪ್, ಊರಿನವರಿಗೆ ಪೆನ್‌ಡ್ರೈವ್. ಕಳೆದ ವಾರ ಅದೇ ಗಾಯಕರು ಮಾರವಾ ರಾಗ ಮುದ್ರಿಸಲು ಬಂದಿದ್ದರು. ಮೈಕಿನ ಮುಂದೆ ಕುಳಿತು, ತಂಬೂರಿ ಶ್ರುತಿಗೆ ಬರುವವರೆಗೆ ಕಾದು, ನನ್ನತ್ತ ತಿರುಗಿ ಕೇಳಿದರು: "ಇವತ್ತು ಯಾವ ಅಂಗಡಿಗೆ ಹಾಡಲಿ?" ಪೆನ್‌ಡ್ರೈವಿಗೆ ಎಂದೆ. 52 ನಿಮಿಷ ಹಾಡಿದರು.