ಗೂಗಲ್ ಆಡ್ಸ್ ಜೊತೆ ನಾಲ್ಕು ವರ್ಷ: ಮೈಸೂರಿನ ಒಂದು ಸೋಲಾರ್ ರಿಪೇರಿ ಅಂಗಡಿಯ ಅನುಭವ

ಸೋಲಾರ್ ಕೆಟ್ಟಿದೆ ಅಂತ ಮನೆಯವರಿಗೆ ಗೊತ್ತಾಗುವುದು ಬೆಳಗ್ಗೆ ಆರೂವರೆಗೆ, ನಲ್ಲಿ ತಿರುಗಿಸಿ ಐದು ನಿಮಿಷ ಕಾದರೂ ತಣ್ಣೀರೇ ಬಂದಾಗ. ಮಕ್ಕಳಿಗೆ ಸ್ಕೂಲು, ದೊಡ್ಡವರಿಗೆ ಆಫೀಸು. ಏಳು ಗಂಟೆಯೊಳಗೆ ಯಾರಾದರೊಬ್ಬರು ಫೋನ್ ಕೈಗೆ ತೆಗೆದುಕೊಂಡು ಹುಡುಕುತ್ತಾರೆ. ನಮ್ಮಂಥವರ ವ್ಯಾಪಾರ ನಿಂತಿರುವುದು ಆ ಅರ್ಧ ಗಂಟೆಯ ಮೇಲೆ.

ದಟ್ಟಗಳ್ಳಿಯಲ್ಲಿ ನಮ್ಮದು ಸೋಲಾರ್ ವಾಟರ್ ಹೀಟರ್ ಸರ್ವಿಸ್ ಮಾಡುವ ಸಣ್ಣ ಅಂಗಡಿ. ಯಜಮಾನರು ಮತ್ತು ಇಬ್ಬರು ಹುಡುಗರು ಟೆರೇಸ್ ಹತ್ತುತ್ತಾರೆ. ಫೋನು, ಬಿಲ್ಲು, ಲೆಕ್ಕ ನನ್ನ ಪಾಲಿಗೆ. 2021ರ ಆಗಸ್ಟ್‌ನಿಂದ ಗೂಗಲ್ ಆಡ್ಸ್‌ನ ಸರ್ಚ್ ಜಾಹೀರಾತು, ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಕಾಣುವ, ಅವರು ಒತ್ತಿದರೆ ನಾವು ದುಡ್ಡು ಕೊಡುವ ಜಾಹೀರಾತು, ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಪೇಪರ್ ಹುಡುಗರ ಕೈಯಲ್ಲಿ ಪಾಂಪ್ಲೆಟ್ ಹಾಕಿಸುತ್ತಿದ್ದೆವು. ಪಾಂಪ್ಲೆಟ್ ಬಂದ ದಿನ ಸೋಲಾರ್ ಚೆನ್ನಾಗಿಯೇ ಇರುತ್ತದೆ, ಕೆಟ್ಟ ದಿನ ಆ ಕಾಗದ ರದ್ದಿಗೆ ಹೋಗಿರುತ್ತದೆ. ಬೇಕಾದ ಗಳಿಗೆಯಲ್ಲೇ ಎದುರಿಗೆ ಕಾಣಬೇಕು ಅನ್ನುವ ಒಂದೇ ಕಾರಣಕ್ಕೆ ಇದಕ್ಕೆ ಕೈ ಹಾಕಿದೆ.

ಹೊಸಬರಿಗೆ ಇದು ಹೇಗೆ ನಡೆಯುತ್ತದೆ ಅಂತ ಎರಡು ಮಾತು. ಯಾರಾದರೂ ಹುಡುಕಿದಾಗಲೆಲ್ಲ ಒಳಗೆ ಒಂದು ಹರಾಜು ಆಗುತ್ತದೆ. ಹೆಚ್ಚು ದುಡ್ಡು ಕೂಗಿದವರೇ ಮೇಲೆ ಬರುತ್ತಾರೆ ಅಂತಿಲ್ಲ. ಜಾಹೀರಾತು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ, ಜನ ಅದನ್ನು ಒತ್ತುವ ಸಾಧ್ಯತೆ ಎಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ, ಇವೂ ಲೆಕ್ಕಕ್ಕೆ ಬರುತ್ತವೆ. ಈ ಮೂರನ್ನೂ ಸೇರಿಸಿ ಪ್ರತಿ ಕೀವರ್ಡ್‌ಗೆ, ಅಂದರೆ ಏನು ಹುಡುಕಿದಾಗ ಜಾಹೀರಾತು ಕಾಣಬೇಕು ಅಂತ ನಾವು ಕೊಡುವ ಮಾತಿಗೆ, 1ರಿಂದ 10ರವರೆಗೆ ಕ್ವಾಲಿಟಿ ಸ್ಕೋರ್ ತೋರಿಸುತ್ತಾರೆ. ನಮ್ಮ ಅಂಗಡಿಗಿಂತ ಹತ್ತು ಪಟ್ಟು ದೊಡ್ಡವರ ಮೇಲೆ ನಮ್ಮ ಹೆಸರು ಎಷ್ಟೋ ಸಲ ಕಂಡಿದೆ ಅಂದರೆ ಅದಕ್ಕೆ ಇದೇ ಕಾರಣ. ಸಣ್ಣವರಿಗೆ ಇಲ್ಲಿ ನಿಜವಾಗಿಯೂ ಜಾಗ ಇದೆ.

ಆದರೆ ಮೊದಲ ಎಂಟು ತಿಂಗಳು ನಮಗೆ ಆ ಜಾಗ ಸಿಗಲಿಲ್ಲ. ನಾನೇ ಕೂತು ಕಲಿಯುವ ಧೈರ್ಯವಿಲ್ಲದೆ ಒಬ್ಬ ಏಜೆನ್ಸಿಯವರಿಗೆ ಕೊಟ್ಟಿದ್ದೆ. ತಿಂಗಳಿಗೆ ಅವರ ಫೀಸು ಬೇರೆ, ಜಾಹೀರಾತಿನ ದುಡ್ಡು ಬೇರೆ. ತಿಂಗಳ ಕೊನೆಗೆ ಬಣ್ಣಬಣ್ಣದ ಒಂದು ರಿಪೋರ್ಟ್ ವಾಟ್ಸಾಪ್‌ನಲ್ಲಿ ಬರುತ್ತಿತ್ತು: ಇಷ್ಟು ಸಾವಿರ ಜನ ನೋಡಿದ್ದಾರೆ, ಇಷ್ಟು ನೂರು ಕ್ಲಿಕ್ ಆಗಿದೆ. ಅಂಗಡಿಯ ಫೋನು ಮಾತ್ರ ಮೊದಲಿನಷ್ಟೇ ಬಡಿದುಕೊಳ್ಳುತ್ತಿತ್ತು. ಕ್ಲಿಕ್ ಮಾಡಿದವರು ಏನಂತ ಹುಡುಕಿ ಬಂದರು ತೋರಿಸಿ ಅಂದರೆ, ಅಕೌಂಟ್ ಅವರ ಇಮೇಲ್‌ನಲ್ಲಿತ್ತು, ನನಗೆ ಒಳಗೆ ಹೋಗುವ ಅವಕಾಶವೇ ಇರಲಿಲ್ಲ. ಬಿಟ್ಟು ಬಂದಾಗ ಎಂಟು ತಿಂಗಳ ಮಾಹಿತಿಯೂ ಅಲ್ಲೇ ಉಳಿಯಿತು. ಈಗ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ: ಅಕೌಂಟ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲೇ ಇರಲಿ. ಹತ್ತು ಅಂಕಿಯ ಕಸ್ಟಮರ್ ಐಡಿ ಕೊಟ್ಟರೆ ಏಜೆನ್ಸಿಯವರು ತಮ್ಮ ಮ್ಯಾನೇಜರ್ ಅಕೌಂಟ್‌ಗೆ ಜೋಡಿಸಿಕೊಂಡು ಕೆಲಸ ಮಾಡಬಹುದು. ಬೇಡ ಅನಿಸಿದ ದಿನ ಆ ಕೊಂಡಿ ತೆಗೆದರೆ ಮುಗಿಯಿತು, ನಿಮ್ಮದು ನಿಮ್ಮಲ್ಲೇ ಇರುತ್ತದೆ.

2022ರ ಯುಗಾದಿ ಕಳೆದ ಮೇಲೆ ಹೊಸ ಅಕೌಂಟ್ ತೆರೆದು ನಾನೇ ಶುರುಮಾಡಿದೆ. ದಿನಕ್ಕೆ 150 ರೂಪಾಯಿ. ಒಂದು ವಾರ ಆದ ಮೇಲೆ ಸರ್ಚ್ ಟರ್ಮ್ಸ್ ಅನ್ನುವ ಪುಟ ತೆರೆದೆ. ನಾವು ಕೊಟ್ಟ ಕೀವರ್ಡ್ ಬೇರೆ, ಜನ ನಿಜವಾಗಿ ಟೈಪ್ ಮಾಡಿದ ಮಾತು ಬೇರೆ. ಆ ಎರಡನೆಯದನ್ನು ಈ ಪುಟ ತೋರಿಸುತ್ತದೆ. ತೀರಾ ಕಡಿಮೆ ಜನ ಹುಡುಕಿದ್ದು ಇದರಲ್ಲಿ ಬರುವುದಿಲ್ಲ, ಬಂದಷ್ಟೂ ಬಂಗಾರ. ಅವತ್ತು ಓದಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ‘ಸೋಲಾರ್ ಸಿಸ್ಟಮ್ ರಿಪೇರಿ’ ಅಂತ ನಾನು ಕೊಟ್ಟಿದ್ದ ಕೀವರ್ಡ್‌ಗೆ ಸೌರಮಂಡಲದ ಗ್ರಹಗಳ ಹೆಸರು ಹುಡುಕಿದ ಮಕ್ಕಳು ಬಂದಿದ್ದರು. ಸೋಲಾರ್ ಮಾಡೆಲ್ ಮಾಡುವುದು ಹೇಗೆ ಅಂತ ಸೈನ್ಸ್ ಪ್ರಾಜೆಕ್ಟ್‌ಗೆ ಹುಡುಕಿದವರು ಬಂದಿದ್ದರು. ಕರೆಂಟ್ ಉತ್ಪಾದಿಸುವ ಪ್ಯಾನೆಲ್‌ಗೆ ಸಬ್ಸಿಡಿ ಕೇಳಿದವರು, ಸೋಲಾರ್ ಟೆಕ್ನಿಷಿಯನ್ ಕೆಲಸ ಖಾಲಿ ಇದೆಯಾ ಅಂದವರು, ದೊಡ್ಡ ಕಂಪನಿಗಳ ಕಸ್ಟಮರ್ ಕೇರ್ ನಂಬರ್ ಬೇಕಾದವರು, ಎಲ್ಲರೂ ನಮ್ಮ ಜಾಹೀರಾತು ಒತ್ತಿ ಹೋಗಿದ್ದರು. ಒಂದೊಂದು ಒತ್ತಿಗೂ ಹದಿನೈದು, ಇಪ್ಪತ್ತು ರೂಪಾಯಿ ನಮ್ಮ ಗಲ್ಲಾಪೆಟ್ಟಿಗೆಯಿಂದ. ಪಾಪ, ಅವರದ್ದೇನೂ ತಪ್ಪಿಲ್ಲ. ಬ್ರಾಡ್ ಮ್ಯಾಚ್ ಅಂತ ಇಟ್ಟರೆ ಹತ್ತಿರದ ಅರ್ಥ ಇದೆ ಅಂತ ಯಂತ್ರಕ್ಕೆ ಅನಿಸಿದ ಹುಡುಕಾಟಕ್ಕೆಲ್ಲ ಜಾಹೀರಾತು ಹೋಗುತ್ತದೆ.

ಅವತ್ತಿನಿಂದ ಶನಿವಾರ ಸಂಜೆ ಅಂಗಡಿ ದೀಪ ಹಚ್ಚಿದ ಮೇಲೆ ಆ ಪುಟ ಓದುವುದು ನನಗೆ ಕಟ್ಟುನಿಟ್ಟಿನ ಅಭ್ಯಾಸ. ಬೇಡದ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕುತ್ತೇನೆ: ಗ್ರಹ, ಪ್ರಾಜೆಕ್ಟ್, ಸಬ್ಸಿಡಿ, ಜಾಬ್, ಕಸ್ಟಮರ್ ಕೇರ್, ಟೋಲ್ ಫ್ರೀ, ಫೆನ್ಸಿಂಗ್. ಪಟ್ಟಿ ಈಗ ಇನ್ನೂರು ದಾಟಿದೆ. ಒಂದು ಮುಖ್ಯ ವಿಷಯ, ನೆಗೆಟಿವ್‌ಗೆ ಹಾಕಿದ ಪದಕ್ಕೆ ಅದರ ಸಮಾನಾರ್ಥಗಳನ್ನು ಅದೇ ಹುಡುಕಿಕೊಳ್ಳುವುದಿಲ್ಲ. ‘ಜಾಬ್’ ಹಾಕಿದರೆ ‘ವೇಕೆನ್ಸಿ’ಯನ್ನು ಬೇರೆಯಾಗಿಯೇ ಹಾಕಬೇಕು. ಕಸ್ಟಮರ್ ಕೇರ್ ಹುಡುಕುವವರನ್ನು ದೂರ ಇಡುವುದು ದುಡ್ಡಿಗಾಗಿ ಮಾತ್ರವಲ್ಲ. ನಾವು ಕಂಪನಿಯವರು ಅಂದುಕೊಂಡು ವಾರಂಟಿ ಇರುವ ಟ್ಯಾಂಕ್‌ಗೆ ನಮ್ಮ ಕೈಲಿ ಕೆಲಸ ಮಾಡಿಸಿ, ಆಮೇಲೆ ಅವರಿಗೆ ತೊಂದರೆಯಾದರೆ ಅದು ಅನ್ಯಾಯ. ನಮ್ಮ ಪುಟದ ಮೊದಲ ಸಾಲಿನಲ್ಲೇ ‘ನಾವು ಯಾವ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಅಲ್ಲ’ ಅಂತ ಬರೆದಿದ್ದೇನೆ.

ಆ ಪುಟದಿಂದ ಕಳೆಯುವುದಷ್ಟೇ ಅಲ್ಲ, ಕಲಿಯುವುದೂ ಇದೆ. ಒಳಗೆ ಕಟ್ಟಿದ ಸಾಲ್ಟ್ ತೆಗೆಯುವ ಕೆಲಸಕ್ಕೆ ನಾವು ‘ಡಿಸ್ಕೇಲಿಂಗ್ ಸರ್ವಿಸ್’ ಅಂತ ಬೋರ್ಡ್ ಬರೆಸಿದ್ದೆವು. ಜನ ಹಾಗೆ ಹುಡುಕುವುದೇ ಇಲ್ಲ. ‘ಸೋಲಾರ್ ನೀರು ಬಿಸಿ ಆಗ್ತಿಲ್ಲ’, ‘ಸೋಲಾರ್ ನೀರು ಸಣ್ಣಗೆ ಬರ್ತಿದೆ’, ‘ಟ್ಯೂಬ್ ಒಡೆದಿದೆ’, ‘ಟ್ಯಾಂಕ್ ಲೀಕ್’, ಹೆಚ್ಚಿನವರು ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಅವರ ಮಾತನ್ನೇ ಎತ್ತಿ ಕೀವರ್ಡ್ ಮಾಡಿದೆ, ಬ್ರಾಡ್ ಮ್ಯಾಚ್‌ಗಿಂತ ಬಿಗಿಯಾದ ಫ್ರೇಸ್ ಮತ್ತು ಎಕ್ಸಾಕ್ಟ್ ಮ್ಯಾಚ್‌ನಲ್ಲಿ ಇಟ್ಟೆ, ಜಾಹೀರಾತಿನ ತಲೆಬರಹಕ್ಕೂ ಅದನ್ನೇ ಹಾಕಿದೆ. ಕ್ವಾಲಿಟಿ ಸ್ಕೋರ್ 4 ಇದ್ದದ್ದು ಮೂರು ತಿಂಗಳಲ್ಲಿ 8ಕ್ಕೆ ಬಂತು.

ಕನ್ನಡದಲ್ಲಿ ಜಾಹೀರಾತು ಬರೆಯುವವರಿಗೆ ಒಂದು ಕಿವಿಮಾತು. ತಲೆಬರಹಕ್ಕೆ ಸಿಗುವುದು 30 ಅಕ್ಷರ, ವಿವರಣೆಗೆ 90. ನಮ್ಮ ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಮೈಸೂರು’ ಅನ್ನುವುದು ನಮ್ಮ ಕಣ್ಣಿಗೆ ಮೂರಕ್ಷರ, ಅಲ್ಲಿ ಆರು. ‘ಸೋಲಾರ್ ವಾಟರ್ ಹೀಟರ್ ರಿಪೇರಿ’ ಬರೆಯುವಷ್ಟರಲ್ಲಿ 25 ಮುಗಿದು ಊರಿನ ಹೆಸರಿಗೆ ಜಾಗ ಉಳಿಯುವುದಿಲ್ಲ. ‘ಮೈಸೂರು ಸೋಲಾರ್ ರಿಪೇರಿ’ ಅಂದರೆ 20ರಲ್ಲಿ ಆಗುತ್ತದೆ. 15 ತಲೆಬರಹದವರೆಗೆ ಕೊಡಬಹುದು, ನಾನು ಆರು ಕನ್ನಡದಲ್ಲಿ ಕೊಟ್ಟು ಬೇರೆ ಜಾಹೀರಾತಾಗಿ ಇಟ್ಟಿದ್ದೇನೆ. ಕನ್ನಡದ್ದನ್ನು ಒತ್ತುವವರು ಕಡಿಮೆ. ಒತ್ತಿದವರು ಫೋನ್ ಮಾಡದೆ ಹೋಗುವುದು ಅಪರೂಪ.

ಜಾಹೀರಾತಿನಲ್ಲೇ ‘ವಿಸಿಟಿಂಗ್ ಚಾರ್ಜ್ 300 ರೂ.’ ಅಂತ ಬರೆಯೋಣ ಅಂದಾಗ ಯಜಮಾನರು ಒಪ್ಪಲಿಲ್ಲ. ‘ಮೊದಲೇ ದುಡ್ಡಿನ ಮಾತು ಎತ್ತಿದ್ರೆ ಯಾರು ಬರ್ತಾರೆ?’ ಅಂದರು. ಒಂದು ತಿಂಗಳು ನೋಡೋಣ ಅಂತ ಹಾಕಿದೆ. ಕ್ಲಿಕ್ ಕಡಿಮೆಯಾಯಿತು, ಕೆಲಸ ಕಡಿಮೆಯಾಗಲಿಲ್ಲ. ಬರುವ ಮನಸ್ಸಿಲ್ಲದವರು ಒತ್ತದೇ ಹೋದರು, ಅಷ್ಟು ಉಳಿಯಿತು. ಮನೆ ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವುದೂ ತಪ್ಪಿತು. ಹುಡುಗರಿಗೆ ಇದರಿಂದ ಆದ ನೆಮ್ಮದಿ ದೊಡ್ಡದು.

ಇನ್ನು ಲೆಕ್ಕ. ಅಂಗಡಿಯಲ್ಲಿ ಒಂದು ಕೆಂಪು ರಟ್ಟಿನ ನೋಟ್‌ಬುಕ್ ಇಟ್ಟಿದ್ದೇನೆ. ಬಂದ ಪ್ರತಿ ಕರೆಗೂ ಬಡಾವಣೆ, ತೊಂದರೆ, ಎಲ್ಲಿ ನೋಡಿ ಫೋನ್ ಮಾಡಿದರು, ಕೆಲಸ ಆಯಿತೋ ಇಲ್ಲವೋ ಅಂತ ನಾಲ್ಕು ಕಾಲಮ್. ಕಂಪ್ಯೂಟರ್‌ನಲ್ಲಿ ಕನ್ವರ್ಷನ್, ಅಂದರೆ ಜಾಹೀರಾತಿನಿಂದ ಬಂದ ಕರೆಗಳ ಎಣಿಕೆ, ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ, ಆದರೆ ನಾವು ಬದಲಿಸದಿದ್ದರೆ 60 ಸೆಕೆಂಡಿಗಿಂತ ಹೆಚ್ಚು ಮಾತಾಡಿದ ಕರೆಯನ್ನಷ್ಟೇ ಎಣಿಸುತ್ತದೆ. ನಮ್ಮ ಒಳ್ಳೆಯ ಗಿರಾಕಿಗಳು ‘ಮೇಡಂ, ಬೋಗಾದಿ, ನೀರು ಬಿಸಿ ಇಲ್ಲ, ಲೊಕೇಶನ್ ಕಳಿಸ್ತೀನಿ’ ಅಂತ ಅರ್ಧ ನಿಮಿಷಕ್ಕೆ ಮುಗಿಸುತ್ತಾರೆ. ಕೆಲಸ ಕೇಳುವವರು ಮೂರು ನಿಮಿಷ ಮಾತಾಡುತ್ತಾರೆ. ಅದಕ್ಕೇ ಅದನ್ನು 20 ಸೆಕೆಂಡಿಗೆ ಇಳಿಸಿದೆ, ಹಾಗಿದ್ದೂ ನೋಟ್‌ಬುಕ್ಕನ್ನೇ ನಂಬುತ್ತೇನೆ. 2024ರ ಜುಲೈ, ಆಷಾಢದ ಮೋಡ ಕವಿದ ತಿಂಗಳು: ಜಾಹೀರಾತಿಗೆ 5,400 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 972, ಒಟ್ಟು 6,372. ನಾವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಹಾಗಾಗಿ ಆ 972 ವಾಪಸ್ ಸಿಗುವುದಿಲ್ಲ. ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಬಂದ ಕರೆ 44, ಆದ ಕೆಲಸ 23. ಒಂದು ಕೆಲಸಕ್ಕೆ 277 ರೂಪಾಯಿ ಬಿತ್ತು. ಸಾಮಾನ್ಯ ಸರ್ವಿಸ್‌ನಲ್ಲಿ ಸಾಮಾನು, ಪೆಟ್ರೋಲು, ಹುಡುಗರ ಕೂಲಿ ಕಳೆದರೆ ನಮಗೆ ಉಳಿಯುವುದು ಐನೂರು ಚಿಲ್ಲರೆ. ಅದರಲ್ಲಿ 277 ಇಲ್ಲಿಗೆ ಹೋಯಿತು. ಅಂದರೆ ಮೊದಲ ಸಲದ ಕೆಲಸದಲ್ಲಿ ದೊಡ್ಡ ಲಾಭವಿಲ್ಲ. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ವರ್ಷಕ್ಕೊಮ್ಮೆ ಸಾಲ್ಟ್ ತೆಗೆಸಲೇಬೇಕು, ಅವರು ಮರುವರ್ಷ ನೇರ ನಮ್ಮ ನಂಬರ್‌ಗೇ ಕರೆ ಮಾಡುತ್ತಾರೆ. ಲಾಭ ಇರುವುದು ಆ ಎರಡನೇ ಕರೆಯಲ್ಲಿ. ಒಂದು ಸಲ ಮಾತ್ರ ಬರುವ ಗಿರಾಕಿ, ಕಡಿಮೆ ಬೆಲೆಯ ಸಾಮಾನು, ಇಂಥ ವ್ಯಾಪಾರಕ್ಕೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ದಿನದ ಬಜೆಟ್ 150 ಅಂದಮಾತ್ರಕ್ಕೆ ದಿನಾ 150ಕ್ಕೇ ನಿಲ್ಲುವುದಿಲ್ಲ. ಹುಡುಕುವವರು ಹೆಚ್ಚಿದ ದಿನ 300ರವರೆಗೂ ಹೋಗಬಹುದು, ತಿಂಗಳಿಗೆ ಮಾತ್ರ 150ರ 30.4 ಪಟ್ಟು ಮೀರುವುದಿಲ್ಲ. ಗೊತ್ತಿಲ್ಲದೆ ಮೊದಲ ತಿಂಗಳು ಗಾಬರಿಯಾಗಿದ್ದೆ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಜಾಹೀರಾತು ನಿಲ್ಲಿಸಿದ್ದೇನೆ, ಫೋನ್ ಎತ್ತುವವರು ಇಲ್ಲದ ಹೊತ್ತಿಗೆ ದುಡ್ಡು ಕೊಟ್ಟು ಕರೆ ತರಿಸಿ ಏನು ಮಾಡುವುದು? ಮಾರ್ಚ್, ಏಪ್ರಿಲ್‌ನಲ್ಲಿ ಪೂರ್ತಿ ಬಂದ್. ದಸರಾಗೆ ಹದಿನೈದು ದಿನ ಮುಂಚೆ ಬಜೆಟ್ ಏರಿಸುತ್ತೇನೆ, ನೆಂಟರು ಬರುವ ಮೊದಲು ಸರಿಮಾಡಿಸಬೇಕು ಅನ್ನುವವರು ಆಗ ಬಹಳ. ಡಿಸ್ಪ್ಲೇ ನೆಟ್‌ವರ್ಕ್ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವುದು) ಮತ್ತು ಸರ್ಚ್ ಪಾರ್ಟ್‌ನರ್ಸ್ (ಗೂಗಲ್ ಜೊತೆ ಸೇರಿದ ಬೇರೆ ಹುಡುಕಾಟದ ತಾಣಗಳು) ಎರಡರ ಟಿಕ್ಕನ್ನೂ ತೆಗೆದಿದ್ದೇನೆ.

ದುಡ್ಡು ಕೊಡದೆ ಸಿಗುವ ಗೂಗಲ್ ಬಿಸಿನೆಸ್ ಪ್ರೊಫೈಲನ್ನು ಮೊದಲು ಸರಿಮಾಡಿಕೊಳ್ಳಿ. ಮ್ಯಾಪ್‌ನಲ್ಲಿ ಅಂಗಡಿ, ಸಮಯ, ಕೆಲಸದ ಫೋಟೊ, ಗಿರಾಕಿಗಳ ರಿವ್ಯೂ. ಜಾಹೀರಾತು ನೋಡಿದವರು ಎಷ್ಟೋ ಜನ ಅಲ್ಲಿ ಹೋಗಿ ರಿವ್ಯೂ ಓದಿಯೇ ಫೋನ್ ಮಾಡುತ್ತಾರೆ.

ಕೊನೆಗೆ ಸ್ಥಳದ ಸೆಟ್ಟಿಂಗ್ ಬಗ್ಗೆ ಹೇಳಬೇಕು, ನಾನು ಹೆಚ್ಚು ಕಲಿತದ್ದು ಅಲ್ಲೇ. ಮೈಸೂರು ಅಂತ ಆರಿಸಿದರೂ, ಮೊದಲಿಂದಲೇ ಇರುವ ಆಯ್ಕೆಯಲ್ಲಿ ಮೈಸೂರಿನಲ್ಲಿ ಇರುವವರಷ್ಟೇ ಅಲ್ಲ, ಮೈಸೂರಿನ ಬಗ್ಗೆ ಆಸಕ್ತಿ ತೋರಿಸಿದ ಹೊರಗಿನವರಿಗೂ ಜಾಹೀರಾತು ಕಾಣುತ್ತದೆ. ಎಲ್ಲರೂ ಹೇಳುವ ಹಾಗೆ ನಾನೂ ಅದನ್ನು ‘ಇಲ್ಲಿ ಇರುವವರಿಗೆ ಮಾತ್ರ’ ಅಂತ ಬದಲಿಸಿದೆ. ಖರ್ಚು ಇಳಿಯಿತು. ಒಂದು ತಿಂಗಳ ನಂತರ ನೋಟ್‌ಬುಕ್ ತಿರುವಿದರೆ ರಾಮಕೃಷ್ಣನಗರ, ಕುವೆಂಪುನಗರ, ಸರಸ್ವತಿಪುರಂ ಕಡೆಯ ಕರೆಗಳು ಅರ್ಧಕ್ಕರ್ಧ ಕಡಿಮೆ. ಯಾಕೆ ಅಂತ ತಲೆಗೆ ಹೊಳೆಯಲಿಲ್ಲ. ಹಳೆಯ ಪುಟಗಳನ್ನು ಕೂತು ಓದಿದೆ. ‘ಅಮ್ಮ ಒಬ್ಬರೇ ಇರೋದು’, ‘ಮಗಳು ಫೋನ್ ಮಾಡಿದ್ದು, ಬೆಂಗಳೂರು’, ‘ತಂದೆಗೆ ಕಿವಿ ಕೇಳಿಸಲ್ಲ, ಗೇಟ್ ಹತ್ರ ಹೋಗಿ ನನಗೆ ಫೋನ್ ಮಾಡಿ’ ಅಂತೆಲ್ಲ ನಾನೇ ಬರೆದಿಟ್ಟಿದ್ದೆ. ಹಳೆಯ ಬಡಾವಣೆಗಳ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ, ಹುಡುಕುವವರು ಬೆಂಗಳೂರಿನಲ್ಲಿರುವ ಮಕ್ಕಳು. ಅವರನ್ನೇ ನಾನು ಹೊರಗೆ ಹಾಕಿದ್ದೆ.

ಆಮೇಲೆ ಬೆಂಗಳೂರಿಗೆ ಅಂತಲೇ ಒಂದು ಬೇರೆ ಕ್ಯಾಂಪೇನ್ ಮಾಡಿದೆ. ಅದರಲ್ಲಿ ಮೈಸೂರು ಅಥವಾ ಮೈಸೂರಿನ ಬಡಾವಣೆಯ ಹೆಸರು ಸೇರಿದ ಕೀವರ್ಡ್ ಮಾತ್ರ. ಜಾಹೀರಾತಿನಲ್ಲಿ ಹೀಗಿದೆ: ‘ಮೈಸೂರಿನಲ್ಲಿ ಅಪ್ಪ ಅಮ್ಮನ ಮನೆಯ ಸೋಲಾರ್ ಕೆಟ್ಟಿದೆಯೇ? ನಾವು ಹೋಗಿ ನೋಡಿ, ವಿಡಿಯೊ ಕಾಲ್‌ನಲ್ಲಿ ನಿಮಗೆ ತೋರಿಸುತ್ತೇವೆ.’

ಕಳೆದ ಜನವರಿಯಲ್ಲಿ ಹಾಗೇ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ರಾಮಕೃಷ್ಣನಗರದ ಮನೆ, ತಾಯಿಗೆ ಎಂಬತ್ತರ ಹತ್ತಿರ ವಯಸ್ಸು, ಮೂರು ದಿನದಿಂದ ಗ್ಯಾಸ್ ಮೇಲೆ ನೀರು ಕಾಯಿಸಿ ಬಕೆಟ್ ಎತ್ತುತ್ತಿದ್ದರಂತೆ. ನಮ್ಮ ಹುಡುಗ ಟೆರೇಸಿನಿಂದ ವಿಡಿಯೊ ಹಚ್ಚಿದ. ಹದಿನೈದು ಟ್ಯೂಬಿನಲ್ಲಿ ನಾಲ್ಕರ ತುದಿ ಬೆಳ್ಳಿಯ ಬಣ್ಣ ಹೋಗಿ ಹಾಲಿನ ಹಾಗೆ ಬೆಳ್ಳಗಾಗಿತ್ತು. ‘ಅಕ್ಕ, ಈ ತುದಿ ಬೆಳ್ಳಗಾಗಿದ್ರೆ ಒಳಗಿನ ವ್ಯಾಕ್ಯೂಮ್ ಹೋಗಿದೆ ಅಂತ. ಈ ನಾಲ್ಕೇ ಬದಲಾಯಿಸಿದ್ರೆ ಸಾಕು, ಉಳಿದದ್ದು ಚೆನ್ನಾಗಿದೆ’ ಅಂದ. ಅವರು ಅಲ್ಲಿಂದಲೇ ಯುಪಿಐ ಮಾಡಿದರು. ಮರುದಿನ ಬೆಳಗ್ಗೆ ತಾಯಿಯೇ ಅಂಗಡಿಗೆ ಫೋನ್ ಮಾಡಿ, ‘ನೀರು ಸುಡುಸುಡು ಬಂತು ಕಣಮ್ಮ’ ಅಂದರು.

ಆ ಕ್ಯಾಂಪೇನ್‌ಗೆ ದಿನಕ್ಕೆ 40 ರೂಪಾಯಿ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಉಳಿದದ್ದೆಲ್ಲ ನಿಲ್ಲಿಸಿದರೂ ಅದನ್ನು ನಿಲ್ಲಿಸುವುದಿಲ್ಲ.