ಮನೆಯಲ್ಲೇ ಕಟಿಂಗ್: ನಾಲ್ಕು ವರ್ಷ ಮಷಿನ್ ಹಿಡಿದ ಮೇಲೆ

2021ರ ಮಳೆಗಾಲದಲ್ಲಿ ಅಪ್ಪ ಹಾವಸೆ ಕಟ್ಟಿದ ಹೊರಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ, ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟಾದರು. ಆದರೆ ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆ ಮಹಡಿಯ ಮೇಲಿದೆ, ಕೆಳಗಿಳಿಯಲು ಹದಿನೇಳು ಮೆಟ್ಟಿಲು. ಕಟಿಂಗ್‌ಗೆ ಅಂಗಡಿಗೆ ಹೋಗುವ ಮಾತೇ ಇರಲಿಲ್ಲ. ಕೂದಲು ಕಿವಿ ಮುಚ್ಚಿ, ಅಂಗಿಯ ಕಾಲರ್ ಮೇಲೆ ಬಂದು ಕೂತಿತ್ತು. ಮೂವತ್ತಾರು ವರ್ಷ ಮೇಷ್ಟರಾಗಿದ್ದವರು, ತಲೆ ಬಾಚದೆ ಒಂದು ದಿನ ಹೊರಗೆ ಹೋದವರಲ್ಲ. ಯಾರಾದರೂ ನೋಡಲು ಬಂದರೆ ಸುಮ್ನೆ ಒಳಕೋಣೆಗೆ ಹೋಗಿಬಿಡುತ್ತಿದ್ದರು. ಅದನ್ನು ನೋಡಲಾಗದೆ ನಾನು ಕಟಿಂಗ್ ಮಷಿನ್ ತರಿಸಿದೆ.

ಅವರ ತಲೆ ಮುಟ್ಟುವ ಮೊದಲು ನನ್ನ ತಲೆಯ ಮೇಲೆ ಕಲಿಯಬೇಕು ಅಂತ ತೀರ್ಮಾನ ಮಾಡಿದ್ದೆ. ಹಾಗಾಗಿ ಈಗ ನಾಲ್ಕು ವರ್ಷದಿಂದ ನಮ್ಮಿಬ್ಬರ ಕಟಿಂಗೂ ಹೆಚ್ಚಾಗಿ ಮನೆಯಲ್ಲೇ.

ಮಷಿನ್‌ಗೆ ಕೊಟ್ಟಿದ್ದು 1,850 ರೂಪಾಯಿ. ಚಾರ್ಜ್ ಮಾಡಿ ಬಳಸುವಂಥದ್ದು, ಅದನ್ನು ಬೇಕಂತಲೇ ಆರಿಸಿದೆ. ಕಾರವಾರದ ಜೂನ್, ಜುಲೈ ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ. ಗಾಳಿ ಜೋರಾದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಅರ್ಧ ತಲೆ ಆಗಿರುವಾಗ ಹೋದರೆ ಕಷ್ಟ ಅಲ್ವಾ? ಇನ್ನೊಂದು ಮಾತು, ಗಡ್ಡದ ಟ್ರಿಮ್ಮರ್‌ನಲ್ಲೇ ತಲೆಯನ್ನೂ ಮಾಡಿಕೊಳ್ಳೋಣ ಅಂತ ಹೋಗಬೇಡಿ. ಅದರ ಬ್ಲೇಡ್ ಕಿರಿದು, ಮೋಟಾರ್‌ಗೆ ಬಲ ಸಾಲದು. ದಟ್ಟ ಕೂದಲಿಗೆ ಸಿಕ್ಕಿಕೊಂಡು ಎಳೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ.

ಮಷಿನ್ ಜೊತೆ ಪ್ಲಾಸ್ಟಿಕ್ ಹಣಿಗೆಗಳು ಬರುತ್ತವೆ. ಒಂದನೇ ನಂಬರ್ ಹಾಕಿದರೆ ಸುಮಾರು 3 ಮಿಲಿಮೀಟರ್ ಕೂದಲು ಉಳಿಯುತ್ತದೆ, ಎರಡಕ್ಕೆ 6, ಮೂರಕ್ಕೆ 10, ನಾಲ್ಕಕ್ಕೆ 13. ನಾನು ಪಕ್ಕಕ್ಕೂ ಹಿಂದಕ್ಕೂ ಮೂರು, ಮೇಲೆ ದೊಡ್ಡ ಹಣಿಗೆ ಹಾಕುತ್ತೇನೆ. ಯಾವಾಗಲೂ ದೊಡ್ಡ ನಂಬರ್‌ನಿಂದ ಶುರು ಮಾಡಿ. ಉದ್ದ ಉಳಿದರೆ ಇನ್ನೊಮ್ಮೆ ತೆಗೆಯಬಹುದು. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ತುಸು ಜಾಸ್ತಿ, ಅಷ್ಟೇ. ಹೋದದ್ದು ಬರಲು ಅಷ್ಟು ದಿನ ಕಾಯಲೇಬೇಕು.

ಇದು ನನಗೆ ಗೊತ್ತಾದ ರೀತಿ ಒಳ್ಳೆಯದಲ್ಲ. ಶಿರಸಿಯಲ್ಲಿ ಅಕ್ಕನ ಮಗನ ಉಪನಯನಕ್ಕೆ ಮೂರು ದಿನ ಇತ್ತು. ಹಣಿಗೆ ಸರಿಯಾಗಿ ಕೂತಿರಲಿಲ್ಲ. ಟಕ್ ಅಂತ ಸದ್ದು ಬರುವವರೆಗೆ ಒತ್ತಬೇಕಿತ್ತು, ನಾನು ಒತ್ತಿರಲಿಲ್ಲ. ಸುಳಿಯ ಹತ್ತಿರ ಅದು ಕಳಚಿ ಬಿತ್ತು, ಬರೀ ಬ್ಲೇಡ್ ತಲೆಗೆ ತಾಗಿತು. ಎರಡು ಬೆರಳಗಲ ಬೋಳಾಯಿತು. ಕೊನೆಗೆ ಇಡೀ ತಲೆಗೆ ಒಂದನೇ ನಂಬರ್ ಹಾಕಿದೆ. ಮನೆಗೆ ಬಂದ ನೆಂಟರೆಲ್ಲ ‘ಏನಾಯ್ತೋ, ಯಾರಿಗಾದ್ರೂ ಏನಾದ್ರೂ...’ ಅಂತ ಗಾಬರಿಯಿಂದ ಕೇಳಿದರು. ಅಕ್ಕನಿಗೆ ಶುಭಕಾರ್ಯದ ದಿನ ಅದು ಬೇಜಾರಾಯಿತು, ನನಗೂ. ಅವತ್ತಿನಿಂದ ಸ್ವಿಚ್ ಒತ್ತುವ ಮೊದಲು ಹಣಿಗೆಯನ್ನು ಒಮ್ಮೆ ಎಳೆದು ನೋಡುತ್ತೇನೆ.

ನಮ್ಮ ತಲೆ ನಾವೇ ಕತ್ತರಿಸಿಕೊಳ್ಳುವಾಗ ಕಷ್ಟ ಇರುವುದು ಹಿಂದೆ. ಕಪಾಟಿನ ಕನ್ನಡಿಗೆ ಬೆನ್ನು ಹಾಕಿ ನಿಂತು, ಕೈಯಲ್ಲಿ ಇನ್ನೊಂದು ಕನ್ನಡಿ ಹಿಡಿದು ನೋಡಬೇಕು. ಮೊದಮೊದಲು ಕೈ ಒಂದು ಕಡೆ, ಕಣ್ಣು ಒಂದು ಕಡೆ. ಕತ್ತಿನ ಗೆರೆ ನೇರ ಬರಲು ನಾನು ಕಂಡುಕೊಂಡ ಉಪಾಯ ಇದು: ಕೈಗನ್ನಡಿ ಕೆಳಗಿಟ್ಟು, ಎಡಗೈಯ ತೋರುಬೆರಳನ್ನು ಕತ್ತಿನ ಹಿಂದೆ ಅಡ್ಡ ಇಟ್ಟುಕೊಂಡು, ಅದರ ಕೆಳಗೆ ಮಾತ್ರ ಬ್ಲೇಡ್ ಆಡಿಸುವುದು. ಸುಳಿ ಇರುವಲ್ಲಿ ಕೂದಲು ನಾಲ್ಕು ದಿಕ್ಕಿಗೂ ತಿರುಗಿರುತ್ತದೆ. ಅಲ್ಲಿ ಒಂದೇ ಕಡೆಯಿಂದ ಮಷಿನ್ ಓಡಿಸಿದರೆ ಜುಟ್ಟಿನ ಹಾಗೆ ನಿಲ್ಲುತ್ತದೆ, ಸುತ್ತಲಿಂದಲೂ ಬರಬೇಕು. ತಲೆಗೆ ಎಣ್ಣೆ ಹಚ್ಚಿದ ದಿನ ಈ ಕೆಲಸ ಬೇಡ. ಕೂದಲು ಗುಂಪುಗುಂಪಾಗಿ ಅಂಟಿಕೊಂಡು ಬ್ಲೇಡಿಗೆ ಸಿಗುವುದೇ ಇಲ್ಲ. ತಲೆ ತೊಳೆದು, ಪೂರ್ತಿ ಒಣಗಿದ ಮೇಲೆ ಮಾಡಿ.

ಕತ್ತರಿಯ ಕೆಲಸ ಇದಕ್ಕೆ ತದ್ವಿರುದ್ಧ, ಸಾಮಾನ್ಯವಾಗಿ ಒದ್ದೆ ಮಾಡಿಯೇ ಕತ್ತರಿಸುತ್ತಾರೆ. ಆದರೆ ಒದ್ದೆ ಕೂದಲು ಜಗ್ಗಿ ಉದ್ದ ಕಾಣುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಮಗಳ ಹಣೆಯ ಮೇಲಿನ ಕೂದಲನ್ನು ಹುಬ್ಬಿನ ಮಟ್ಟಕ್ಕೆ ಕತ್ತರಿಸಿದೆ. ಒಣಗಿದ ಮೇಲೆ ಅರ್ಧ ಹಣೆಗೆ ಏರಿ ಕೂತಿತು. ಎರಡು ವಾರ ಹೇರ್‌ಬ್ಯಾಂಡ್ ಹಾಕಿಕೊಂಡೇ ಶಾಲೆಗೆ ಹೋದಳು. ಉದ್ದ ಕೂದಲಿನವರು ತುದಿ ತೆಗೆಯುವುದರ ಆಚೆಗೆ ಮನೆಯಲ್ಲಿ ಪ್ರಯತ್ನಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಬಟ್ಟೆ ಕತ್ತರಿಸಿ ಮೊಂಡಾದ ಕತ್ತರಿ ಬೇಡ.

ಈಗ ಮಷಿನ್‌ನ ಆರೋಗ್ಯದ ವಿಚಾರ. ಕರಾವಳಿಯಲ್ಲಿರುವವರು ಇದನ್ನು ಓದಲೇಬೇಕು. ಕಡಲಿನ ಉಪ್ಪುಗಾಳಿಗೆ ಇಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ, ಬ್ಲೇಡ್ ಯಾವ ಲೆಕ್ಕ? ಮೊದಲ ವರ್ಷ ಬಚ್ಚಲಿನ ಗೂಡಿನಲ್ಲಿ ಇಟ್ಟಿದ್ದೆ, ಚೌತಿಯ ಹೊತ್ತಿಗೆ ಹಲ್ಲುಗಳ ಸಂದಿಯಲ್ಲಿ ಕಂದು ಚುಕ್ಕೆ ಬಂದಿತ್ತು. ಈಗ ಬ್ರಷ್‌ನಿಂದ ಕೂದಲು ತೆಗೆದು, ಎಣ್ಣೆ ಹಾಕಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಅದರಲ್ಲೇ ಇರುತ್ತವೆ. ಆಮೇಲೆ ತುಕ್ಕು ಬಂದಿಲ್ಲ.

ಎಣ್ಣೆ ಅಂದರೆ ತೆಂಗಿನೆಣ್ಣೆ ಅಲ್ಲ. ಜೊತೆಗೆ ಬಂದ ಶೀಶೆ ಮುಗಿದಾಗ ನಾನೂ ಮನೆಯಲ್ಲಿದ್ದ ತೆಂಗಿನೆಣ್ಣೆಯನ್ನೇ ಹಾಕಿದ್ದೆ. ಕಾರವಾರದಲ್ಲಿ ಓಡಿತು. ಡಿಸೆಂಬರ್‌ನಲ್ಲಿ ಚಿಕ್ಕಪ್ಪನ ತಲೆ ಮಾಡಲು ಶಿರಸಿಗೆ ಒಯ್ದೆ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಗುಂಯ್ ಅನ್ನುತ್ತದೆ, ಬ್ಲೇಡ್ ಅಲುಗುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದಲ್ಲ, ಘಟ್ಟದ ಚಳಿಗೆ ಒಳಗೇ ಹೆಪ್ಪುಗಟ್ಟಿತ್ತು. ಬಿಚ್ಚಿ ನೋಡಿದರೆ ಎಣ್ಣೆಯೂ ಕೂದಲ ಪುಡಿಯೂ ಸೇರಿ ಮೇಣದ ಹಾಗೆ ಆಗಿತ್ತು. ಆಮೇಲಿಂದ ಹೊಲಿಗೆ ಮಷಿನ್ ಎಣ್ಣೆ, ಎರಡೇ ಹನಿ. ಬ್ಲೇಡ್ ಬಿಚ್ಚಿ ಮತ್ತೆ ಕೂರಿಸುವಾಗ ಒಂದು ಎಚ್ಚರ: ಅಲುಗಾಡುವ ಬ್ಲೇಡ್‌ನ ತುದಿ ಕೆಳಗಿನ ಸ್ಥಿರ ಬ್ಲೇಡ್‌ಗಿಂತ ಕೂದಲೆಳೆಯಷ್ಟು ಹಿಂದೆಯೇ ಇರಬೇಕು. ಮುಂದೆ ಬಂದರೆ ಚರ್ಮ ಕುಯ್ಯುತ್ತದೆ.

ಬ್ಯಾಟರಿ ಮೊದಲು ಒಂದೂವರೆ ಗಂಟೆ ಬರುತ್ತಿತ್ತು, ಮೂರನೇ ವರ್ಷ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಕಂಪನಿಯ ಸರ್ವಿಸ್‌ನವರು ಆ ಮಾಡೆಲ್ ನಿಂತಿದೆ, ಹೊಸದು ಕೊಳ್ಳಿ ಅಂದರು. ಚೆನ್ನಾಗಿ ಓಡುವ ಮೋಟಾರ್ ಬಿಸಾಡಬೇಕಂತೆ. ನನಗೆ ನಿಜವಾಗಿ ಸಿಟ್ಟು ಬಂತು. ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ 250 ರೂಪಾಯಿಗೆ ಹೊಸ ಸೆಲ್ ಹಾಕಿಕೊಟ್ಟ. ಇವತ್ತಿಗೂ ಓಡುತ್ತಿದೆ.

ದುಡ್ಡಿನ ಲೆಕ್ಕ ಹೇಳಲೇಬೇಕಲ್ಲ. ನಮ್ಮಲ್ಲಿ ಕಟಿಂಗ್‌ಗೆ ನಾನು 120 ರೂಪಾಯಿ ಕೊಡುತ್ತಿದ್ದೆ. ಇಬ್ಬರ ತಲೆ ಸೇರಿ ಎಂಟು ತಿಂಗಳೊಳಗೆ ಮಷಿನ್‌ನ ದುಡ್ಡು ಬಂತು.

ಆದರೆ ನಾನು ಇದನ್ನು ಇಟ್ಟುಕೊಂಡಿರುವುದು ಅಪ್ಪನಿಗಾಗಿ. ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ ಒಂಬತ್ತರ ಒಳಗೆ, ಬಾಲ್ಕನಿಯಲ್ಲಿ. ತಡವಾದರೆ ಕಡಲ ಗಾಳಿ ಎದ್ದು ಕೂದಲೆಲ್ಲ ಮನೆಯೊಳಗೆ ಹಾರುತ್ತದೆ. ಹಳೆಯ ಪಂಚೆ ಹೊದಿಸಿ, ಕತ್ತಿಗೆ ಬಟ್ಟೆಯ ಕ್ಲಿಪ್ ಹಾಕುತ್ತೇನೆ. ಅವರು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ, ಸಣ್ಣ ಗೀರಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಅದಕ್ಕೇ ಹಣಿಗೆ ಇಲ್ಲದೆ ಬ್ಲೇಡ್ ತಾಗಿಸುವುದಿಲ್ಲ, ರೇಜರ್ ಅಂತೂ ಇಲ್ಲವೇ ಇಲ್ಲ. ಹತ್ತು ನಿಮಿಷ ಓಡಿದ ಮೇಲೆ ಬ್ಲೇಡ್ ಬಿಸಿಯಾಗುತ್ತದೆ. ನನ್ನ ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಬಿಸಿ ಇದ್ದರೆ ನಿಲ್ಲಿಸುತ್ತೇನೆ.

ಕಿವಿಯನ್ನು ಎರಡು ಬೆರಳಲ್ಲಿ ಮುಂದಕ್ಕೆ ಮಡಚಬೇಕು. ಅದರ ಹಿಂದಿನ ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಿದೆ, ಕನ್ನಡಕದ ಕಡ್ಡಿ ಕೂತು ಗುಳಿ ಬಿದ್ದಿದೆ. ಮೊದಲ ಸಲ ನನ್ನ ಕೈ ನಡುಗಿತ್ತು. ‘ಕಿವಿ ಜೋಪಾನವೋ ತಮ್ಮಾ’ ಅಂದವರು, ಆಮೇಲೆ ಕಣ್ಣು ಮುಚ್ಚಿ ಕೂತರು. ಮುಗಿದ ಮೇಲೆ ಕನ್ನಡಿ ಕೇಳಿದರು. ಬೈತಲೆ ತಾವೇ ತೆಗೆದುಕೊಂಡು, ಎಡಕ್ಕೆ ಬಾಚಿಕೊಂಡರು. ಅವತ್ತು ಸಂಜೆ ಪಕ್ಕದ ಮನೆಯವರು ಬಂದಾಗ ಹೊರಗೆ ಬಂದು ಕೂತು ಚಹಾ ಕುಡಿದರು.

ಇಷ್ಟೆಲ್ಲ ಆದರೂ ಅಂಗಡಿಯನ್ನು ಪೂರ್ತಿ ಬಿಡುವ ತಪ್ಪು ಮಾಡಬೇಡಿ. ನಾನು ಒಂದೂವರೆ ವರ್ಷ ಬಿಟ್ಟಿದ್ದೆ. ಮತ್ತೆ ಹೋದ ದಿನ ನಮ್ಮ ಕಟಿಂಗ್‌ನವರು ಕೂದಲು ಎತ್ತಿ ನೋಡಿದ ಕೂಡಲೇ ಕೈ ನಿಲ್ಲಿಸಿದರು. ‘ಇಲ್ಲೊಂದು ಜಾಗ ಖಾಲಿ ಆಗಿದೆಯಲ್ಲ ಸರ್, ಗೊತ್ತಿತ್ತಾ?’ ಗೊತ್ತಿರಲಿಲ್ಲ. ಕಿವಿಯ ಹಿಂದೆ ರೂಪಾಯಿಯಗಲದ ಜಾಗ ನುಣ್ಣಗಾಗಿತ್ತು. ಎಷ್ಟು ಸಲ ಕನ್ನಡಿ ಹಿಡಿದರೂ ನನಗೆ ಕಂಡಿರಲಿಲ್ಲ. ಚರ್ಮದ ಡಾಕ್ಟರು ಅಲೋಪೇಶಿಯಾ ಏರಿಯೇಟಾ ಅಂದರು. ನಮ್ಮ ದೇಹದ ರಕ್ಷಣಾ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿ ಬೀಳುವ ತೊಂದರೆಯಂತೆ. ಇಂಜೆಕ್ಷನ್ ಕೊಟ್ಟರು, ಕೆಲವು ತಿಂಗಳಲ್ಲಿ ಕೂದಲು ಬಂತು. ಎಷ್ಟೋ ವರ್ಷ ನನ್ನ ತಲೆ ನೋಡಿದ ಆ ಕಣ್ಣಿಗೆ ಮಷಿನ್ ಸಮ ಆಗುವುದಿಲ್ಲ.

ಹಾಗಾಗಿ ಈಗ ವರ್ಷಕ್ಕೆ ನಾಲ್ಕು ಸಲ ಅಂಗಡಿಗೆ ಹೋಗುತ್ತೇನೆ, ಉಳಿದದ್ದು ಮನೆಯಲ್ಲಿ. ಗಿಡ್ಡ ಕೂದಲಿನವರಿಗೆ, ಮನೆಯಲ್ಲಿ ಹೊರಗೆ ಹೋಗಲಾಗದ ಹಿರಿಯರು ಇರುವವರಿಗೆ ಈ ಮಷಿನ್ ತಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಹುಡುಗರು ಮಾಡಿಸುವ, ಕೆಳಗೆ ತೀರಾ ಗಿಡ್ಡವಿದ್ದು ಮೇಲೆ ಹೋದಂತೆ ಸ್ವಲ್ಪಸ್ವಲ್ಪವೇ ಉದ್ದವಾಗುವ ಫೇಡ್ ಕಟ್ ಬೇಕಿದ್ದರೆ ಬೇಡ, ಅದು ಪಳಗಿದ ಕೈಯ ಕೆಲಸ. ಆಷಾಢ ಮುಗಿಯುವವರೆಗೆ ನನ್ನದು ಮನೆಯಲ್ಲೇ. ಚೌತಿಗೆ ಮೊದಲು ಒಮ್ಮೆ ಅಂಗಡಿಗೆ ಹೋಗಬೇಕು, ಕಿವಿಯ ಹಿಂದೆ ಇನ್ನೊಮ್ಮೆ ನೋಡಿ ಅಂತ ಹೇಳಬೇಕು.